ನಲವತ್ತೈದು ತಾಸಿನ ಕಡಲು

ರಜೆ ಹತ್ತಿರ ಬಂದಂತೆ ಕಡಲತೀರದ ರೆಸಾರ್ಟುಗಳ ಬಣ್ಣದ ಚಿತ್ರಗಳು ಎಲ್ಲರ ಮೊಬೈಲಿಗೂ ಬರತೊಡಗುತ್ತವೆ. ತೆಂಗಿನ ಮರ, ಮರಕ್ಕೆ ಕಟ್ಟಿದ ಜೋಲಿ, ನೀಲಿ ಈಜುಕೊಳ, ಅದರಾಚೆ ಸಮುದ್ರ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ನಮ್ಮಂಥವರಿಗೆ ಕಡಲೆಂದರೆ ಸುಮಾರು ನಾಲ್ಕುನೂರು ಕಿಲೋಮೀಟರ್ ದೂರದ ಮಾತು. ಅಷ್ಟು ದೂರ ಹೋಗುವುದೇ ಆದರೆ ಒಮ್ಮೆ ಚಲೋ ಜಾಗದಲ್ಲೇ ಇರೋಣ ಅನ್ನಿಸುವುದು ಸಹಜ. ಹಾಗೆ ಅನ್ನಿಸಿದಾಗ ಅದರ ಬೆಲೆ ಯೋಗ್ಯವೋ ಅಲ್ಲವೋ ಎಂದು ತೂಗುವುದು ಹೇಗೆ? ಈ ವಾರ ನಮ್ಮ ಮನೆಯ ಲೆಕ್ಕವನ್ನೇ ನಿಮ್ಮ ಮುಂದೆ ಇಡುತ್ತೇನೆ. ಮಕ್ಕಳೇ, ನೀವೂ ಪೆನ್ಸಿಲ್ ಹಿಡಿದು ಕೂಡಿರಿ. ತಾಳೆ ಬಾರದಿದ್ದರೆ ಹೇಳಿರಿ.

ಮಗ ಆರಿಸಿದ್ದು ಉತ್ತರ ಕನ್ನಡದ ಒಂದು ರೆಸಾರ್ಟ್. ನಾನು, ನನ್ನ ಹೆಂಡತಿ, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ಒಟ್ಟು ಆರು ಮಂದಿ. ಒಂದು ಕೋಣೆಗೆ ರಾತ್ರಿಗೆ ₹14,000. ಎರಡು ಕೋಣೆ, ಎರಡು ರಾತ್ರಿ ಅಂದರೆ ₹56,000. ದೊಡ್ಡ ಮೊಮ್ಮಗಳಿಗೆ ಹೆಚ್ಚಿನ ಹಾಸಿಗೆ, ಎರಡು ರಾತ್ರಿಗೆ ₹5,000. ಇದು ಚಿತ್ರದ ಕೆಳಗೆ ಬರೆದಿರುವ ದರ. ಕೊಡುವ ದರ ಬೇರೆ.

ಇಲ್ಲಿ ಜಿಎಸ್‌ಟಿಯ ಮಾತು ಬರುತ್ತದೆ. 2025ರ ಸೆಪ್ಟೆಂಬರ್ 22ರಿಂದ, ದಿನಕ್ಕೆ ₹7,500ರವರೆಗಿನ ಕೋಣೆಗೆ ತೆರಿಗೆ ಶೇ. 5, ಅದಕ್ಕಿಂತ ಮೇಲಿನದಕ್ಕೆ ಶೇ. 18. ಈ ಗೆರೆ ಎಷ್ಟು ಹರಿತ ನೋಡಿರಿ. ₹7,500ರ ಕೋಣೆಗೆ ಒಟ್ಟು ₹7,875 ಕೊಡುತ್ತೀರಿ. ಅದೇ ಕೋಣೆಗೆ ₹7,600 ಎಂದು ಬರೆದಿದ್ದರೆ ₹8,968 ಆಗುತ್ತದೆ. ದರದಲ್ಲಿ ನೂರು ರೂಪಾಯಿ ಹೆಚ್ಚು, ಕಿಸೆಯಿಂದ ₹1,093 ಹೆಚ್ಚು! ನಮ್ಮ ₹61,000ಕ್ಕೆ ಶೇ. 18 ಅಂದರೆ ₹10,980. ಅಲ್ಲಿಗೆ ₹71,980.

ಮುಂಜಾನೆಯ ನಾಷ್ಟಾ ಅವರದು. ಉಳಿದ ಮೂರು ಹೊತ್ತಿನ ಊಟ ನಮ್ಮದು. ದೊಡ್ಡವರಿಗೆ ಸಾವಿರ, ಮಕ್ಕಳಿಗೆ ಐದುನೂರು ಎಂದು ಹಿಡಿದರೆ ಹೊತ್ತಿಗೆ ₹5,000, ಮೂರು ಹೊತ್ತಿಗೆ ₹15,000. ಇಂಥ ಹೋಟೆಲಿನೊಳಗಿನ ಊಟಕ್ಕೂ ಶೇ. 18 ತೆರಿಗೆ ಬೀಳುತ್ತದೆ. ಸೇರಿ ₹17,700. ವಾಹನಕ್ಕೆ ₹18,000. ಎಲ್ಲ ಕೂಡಿ ₹1,07,680.

ಇನ್ನು ಆ ರೊಕ್ಕಕ್ಕೆ ಸಿಗುವ ಸಮಯ ಎಷ್ಟು? ಮೊದಲ ದಿನ ಮಧ್ಯಾಹ್ನ 2ಕ್ಕೆ ಕೋಣೆ ಕೊಡುತ್ತಾರೆ. ಮೂರನೆಯ ದಿನ ಮುಂಜಾನೆ 11ಕ್ಕೆ ಬಿಡಬೇಕು. ಬೆರಳು ಮಡಚಿ ಎಣಿಸಿರಿ: 45 ತಾಸು. ವಾಹನ ಬಿಟ್ಟು ಬರೀ ಕೋಣೆ-ಊಟದ ₹89,680ನ್ನು 45ರಿಂದ ಭಾಗಿಸಿದರೆ ತಾಸಿಗೆ ಸುಮಾರು ₹1,993. ನಿದ್ದೆ ಹೊಡೆಯುವ ತಾಸಿಗೂ ಅದೇ ದರ.

ಅಷ್ಟರಲ್ಲಿ ಮೊಮ್ಮಗಳು ಕೇಳಿದಳು: "ಮುತ್ಯಾ, ಸಮುದ್ರನೂ ಅವರದೇ ಏನು?"

ಈ ಪ್ರಶ್ನೆಯಿಂದ ಲೆಕ್ಕ ಬೇರೆ ದಾರಿ ಹಿಡಿಯಿತು. ಸಮುದ್ರ ಅವರದಲ್ಲ. ಅಲೆ ಬಂದು ತಾಗಿ ಹೋಗುವ ಮರಳೂ ಅವರದಲ್ಲ. ರೆಸಾರ್ಟಿನವರದು ಕೋಣೆ, ತೋಟ, ಈಜುಕೊಳ, ಆಳುಗಳ ಸೇವೆ. ಹಾಗಾದರೆ ಕಡಲನ್ನು ಲೆಕ್ಕದಿಂದ ತೆಗೆದಿಟ್ಟು, ಉಳಿದದ್ದಕ್ಕೆ ಎಷ್ಟು ಕೊಡಬಹುದು ಎಂದು ಕೇಳಬೇಕು.

ನನ್ನ ಹೆಂಡತಿಗೆ ಎಪ್ಪತ್ತು ದಾಟಿದೆ. ಆಲಮಟ್ಟಿಯ ಹಿನ್ನೀರು ನೋಡಿದ್ದಾಳೆ, ಸಮುದ್ರ ನೋಡಿಲ್ಲ. ಮೊಣಕಾಲು ನೋವು ಬೇರೆ. "ನಾ ಏನ್ ಈಜಾಡಾಕ ಬರ್ತೀನೇನು? ಕುಂತು ನೋಡೂಹಂಗ ಇದ್ರ ಸಾಕು" ಅಂದಳು. ಇದು ಸಣ್ಣ ಮಾತಲ್ಲ. ಗೋಕರ್ಣದ ಓಂ ಬೀಚಿಗೆ ಇಳಿಯಬೇಕೆಂದರೆ ಮೆಟ್ಟಿಲುಗಳಿವೆ. ಇಳಿದದ್ದನ್ನು ಮತ್ತೆ ಹತ್ತಬೇಕು. ಜಗುಲಿಯಲ್ಲಿ ಕುರ್ಚಿ ಹಾಕಿಕೊಂಡು ಅಲೆ ನೋಡುವ ಸೌಕರ್ಯ ಅವಳಂಥವರಿಗೆ ಚೈನಿ ಅಲ್ಲ, ಅವಶ್ಯಕತೆ. ಅಂಥ ಜಾಗ ರೆಸಾರ್ಟ್ ಬಿಟ್ಟರೆ ಬೇರೆಲ್ಲೂ ಇಲ್ಲವೆಂದಾದರೆ ಬೆಲೆ ಕೊಡಲೇಬೇಕು.

ಆದರೆ ಇದೆ. ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರ ಊರಿಗೂ ಹೆದ್ದಾರಿಗೂ ಹತ್ತಿಕೊಂಡೇ ಇದೆ. ಶರಾವತಿ ಕಡಲು ಸೇರುವಲ್ಲಿ, ಹೊನ್ನಾವರದ ಹೊಳೆಯಾಚೆ, ಕಾಸರಕೋಡು ತೀರವಿದೆ. ಅದಕ್ಕೂ ಉಡುಪಿ ಜಿಲ್ಲೆಯ ಪಡುಬಿದ್ರಿಗೂ 2020ರಲ್ಲಿ 'ಬ್ಲೂ ಫ್ಲ್ಯಾಗ್' ಮನ್ನಣೆ ದೊರೆಯಿತು. ನೀರಿನ ಶುದ್ಧತೆ, ಶೌಚಾಲಯ, ಜೀವರಕ್ಷಕರು ಇವನ್ನೆಲ್ಲ ನೋಡಿ ಕೊಡುವ ಮನ್ನಣೆ ಅದು. ಹೊನ್ನಾವರದಲ್ಲಿ ಕಾಂಡ್ಲಾ ಕಾಡಿನೊಳಗೆ ಹಾಯುವ ಹಲಗೆಯ ಕಾಲುದಾರಿಯೂ ಇದೆ. ನಾವು ವಿಚಾರಿಸಿದ ಸಾದಾ ವಸತಿಗೃಹದಲ್ಲಿ ಕೋಣೆಗೆ ₹2,500, ಶೇ. 5 ತೆರಿಗೆ ಸೇರಿ ₹2,625.

ಆಗ ನನಗೊಂದು ಆಸೆ ಹುಟ್ಟಿತು. ದೊಡ್ಡ ಮಗಳು ಇಂಡಿಯಲ್ಲಿ, ಸಣ್ಣವಳು ಮುದ್ದೇಬಿಹಾಳದಲ್ಲಿ, ತಂಗಿ ಬಸವನ ಬಾಗೇವಾಡಿಯಲ್ಲಿ. ಎಲ್ಲರೂ ಕೂಡಿದರೆ ಹದಿಮೂರು ಮಂದಿ. ಐದು ಕೋಣೆ, ಎರಡು ರಾತ್ರಿ: ₹26,250. ಊಟ-ನಾಷ್ಟಾ ತಲೆಗೆ ದಿನಕ್ಕೆ ₹600ರಂತೆ ಮೂರು ದಿನಕ್ಕೆ ₹23,400. ಟೆಂಪೋ ಟ್ರಾವೆಲರ್‌ಗೆ ₹28,000. ಒಟ್ಟು ₹77,650. ಆರು ಮಂದಿಯ ಬದಲು ಹದಿಮೂರು ಮಂದಿ ಕಡಲು ನೋಡಿ ಬಂದರೂ ₹30,030 ಉಳಿಯುತ್ತದೆ!

ಹಾಳೆಯನ್ನು ಎಲ್ಲರ ಮುಂದೆ ಓದಿದೆ. ಸೊಸೆ ಮಾತ್ರ ಸುಮ್ಮನೆ ಕೂತಿದ್ದಳು. ಕೇಳಿದಾಗ ಹೇಳಿದಳು: "ಮಾವಾರ, ಎಲ್ಲಾರೂ ಕೂಡಿ ಹೋದ್ರ ಚಲೋನೇ ಆಗ್ತೈತ್ರಿ. ಆದ್ರ ಹದಿಮೂರು ಮಂದಿಗಿ ರೊಟ್ಟಿ ಕಟ್ಟಾವ್ರು ಯಾರು, ಚಾ ಮಾಡಾವ್ರು ಯಾರು? ರೆಸಾರ್ಟ್ ಅಂದಾಗ ನಾ ಸಮುದ್ರದ ವಿಚಾರ ಮಾಡಿದ್ದಿಲ್ರಿ. ಎರಡು ದಿನ ಒಲಿ ಮುಂದ ನಿಂದರೂದು ತಪ್ಪತೈತಿ ಅಂದ್ಕೊಂಡಿದ್ದೆ."

ಮನೆಯೊಳಗೆ ಯಾರೂ ಮಾತಾಡಲಿಲ್ಲ. ನಮ್ಮ ಕಡೆ ಪ್ರವಾಸವೆಂದರೆ ಹಿಂದಿನ ರಾತ್ರಿ ಎರಡರವರೆಗೆ ರೊಟ್ಟಿ ಬಡಿಯುವುದು, ಶೇಂಗಾ ಚಟ್ನಿ ಕುಟ್ಟುವುದು, ಹೋದಲ್ಲಿ ಸ್ಟೋ ಹಚ್ಚುವುದು. ಊರು ಬದಲಾಗುತ್ತದೆ, ಕೆಲಸ ಬದಲಾಗುವುದಿಲ್ಲ. ಇದು ಗಂಡಸರು ಮಾಡುವ ಪ್ರವಾಸದ ಲೆಕ್ಕದಲ್ಲಿ ಎಂದೂ ಬರದ ಬಾಬ್ತು. ರೆಸಾರ್ಟ್ ಮಾರುವ ಸರಕಿನಲ್ಲಿ ಬಹು ಬೆಲೆಯುಳ್ಳದ್ದು ಇದೇ: ಯಾರೋ ಮಾಡಿದ್ದನ್ನು ಕೂತು ಉಣ್ಣುವುದು.

ಹಾಗೆಂದು ಅದನ್ನು ಅಲ್ಲಿಯೇ ಕೊಳ್ಳಬೇಕೆಂದಿಲ್ಲ. ಎರಡು ನಿರ್ಣಯ ಮಾಡಿದೆವು. ಒಂದು, ಪ್ರವಾಸಕ್ಕೆ ಒಂದೂ ಪಾತ್ರೆ ಬರುವುದಿಲ್ಲ. ಮುಂಜಾನೆಯ ಚಹಾದಿಂದ ರಾತ್ರಿಯ ಊಟದವರೆಗೆ ಎಲ್ಲವೂ ಕೊಂಡದ್ದು. ಎರಡು, ಉಳಿದ ಹಣದಲ್ಲಿ ಮಗ-ಸೊಸೆ ಇಬ್ಬರೇ ಆ ರೆಸಾರ್ಟಿನಲ್ಲಿ ಒಂದು ರಾತ್ರಿ ಇರಬೇಕು. ಕೋಣೆಗೆ ತೆರಿಗೆ ಸೇರಿ ₹16,520, ಊಟಕ್ಕೆ ₹2,360, ಒಟ್ಟು ₹18,880. ಮಕ್ಕಳು ನಮ್ಮ ಹತ್ತಿರ. ಇಷ್ಟಾದರೂ ₹11,150 ಕೈಯಲ್ಲಿ ಉಳಿಯುತ್ತದೆ. ಮಗ "ಅಷ್ಟ್ಯಾಕಪ್ಪಾ" ಅಂದ. ಸೊಸೆ ಬೇಡ ಅನ್ನಲಿಲ್ಲ.

ಹೊಸದಾಗಿ ಮದುವೆಯಾದವರು, ಕಾಯಿಲೆಯಿಂದ ಎದ್ದವರು, ವರ್ಷವಿಡೀ ದುಡಿದು ದಣಿದವರು, ಇವರಿಗೆ ರೆಸಾರ್ಟಿನ ಬೆಲೆ ಯೋಗ್ಯವೇ ಇರಬಹುದು. ಅವರು ಕೊಳ್ಳುವುದು ವಿಶ್ರಾಂತಿ. ಮುಂಜಾನೆಯಿಂದ ಸಂಜೆವರೆಗೆ ಮರಳಲ್ಲಿ ಹೊರಳಾಡುವ ಮಕ್ಕಳಿದ್ದರೆ ಕೋಣೆಯಲ್ಲಿ ಇರುವವರೇ ಯಾರು?

ಹಣ ಕಳಿಸುವ ಮೊದಲು ಫೋನಿನಲ್ಲಿ ಇಷ್ಟು ಕೇಳಿರಿ. ತೆರಿಗೆ ಸೇರಿ ಎಷ್ಟು? ದರ ಕೋಣೆಗೋ, ತಲೆಗೋ? ಕೋಣೆಯಿಂದ ನೀರಿಗೆ ಎಷ್ಟು ಮೆಟ್ಟಿಲು? ರದ್ದು ಮಾಡಿದರೆ ಎಷ್ಟು ವಾಪಸ್? ಜೀವರಕ್ಷಕರು ಇರುತ್ತಾರೋ, ಎಷ್ಟು ಹೊತ್ತಿನವರೆಗೆ? ಕೊನೆಯದನ್ನು ಮರೆಯಲೇಬೇಡಿರಿ. 2024ರ ಡಿಸೆಂಬರ್‌ನಲ್ಲಿ ಶಾಲೆಯ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಹುಡುಗಿಯರು ಮುರ್ಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡರು. ನಮ್ಮ ಕೆರೆ-ಬಾವಿಯಲ್ಲಿ ಈಜು ಬಂದವರಿಗೂ ಕಡಲ ಸೆಳೆತ ಬೇರೆಯೇ. ಮಳೆಗಾಲದಲ್ಲಿ ದರ ಇಳಿಯುತ್ತದೆ, ಆದರೆ ಆಗ ನೀರಿಗಿಳಿಯುವಂತಿಲ್ಲ. ಆ ಅಗ್ಗ ಅಗ್ಗವಲ್ಲ.

ಮಕ್ಕಳೇ, ನಿಮಗೊಂದು ಕೆಲಸ. ನಕಾಶೆ ತೆಗೆದು ನಮ್ಮ ಭೀಮೆ, ಡೋಣಿ, ಕೃಷ್ಣೆಯರ ಮೇಲೆ ಬೆರಳು ಓಡಿಸಿರಿ. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಿಂದ ಅರಬ್ಬಿ ಸಮುದ್ರ ಬರೀ 64 ಕಿಲೋಮೀಟರ್. ಆದರೂ ಅವಳು ಹತ್ತಿರದ ಕಡಲು ಬಿಟ್ಟು, ಪೂರ್ವಕ್ಕೆ ತಿರುಗಿ, ನಮ್ಮ ಹೊಲಗಳಿಗೆ ನೀರು ಕೊಟ್ಟು, ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಏಕಿರಬಹುದು? ಉತ್ತರ ಬರೆದು ಕಳಿಸಿರಿ.