ತಡವಾಗಿ ತೆರೆದ ಕಣ್ಣು

ಭಕ್ತಿ ಒಂದೇ ರಾತ್ರಿಯಲ್ಲಿ ಹುಟ್ಟಬಹುದು. ವಿವೇಕ ಹಾಗೆ ಹುಟ್ಟುವುದಿಲ್ಲ, ಅದು ಬೆಳೆಯಬೇಕು. ಬಾಲಕ ಯೇಸು ಕೂಡ ಜ್ಞಾನದಲ್ಲಿ ಬೆಳೆಯುತ್ತ ಹೋದನೆಂದು ಲೂಕನ ಸುವಾರ್ತೆ ಹೇಳುತ್ತದೆ. ಹೀಗಿರುವಾಗ ಸಾಮಾನ್ಯ ಕ್ರೈಸ್ತನ ಪಾಡೇನು? ಇಂಗ್ಲೆಂಡಿನ ಜಾನ್ ನ್ಯೂಟನ್ನನ ಬಾಳು ಇದಕ್ಕೊಂದು ನಿದರ್ಶನ. ಈತ ವಿಜ್ಞಾನಿ ನ್ಯೂಟನ್ ಅಲ್ಲ, ನಾವಿಕ.

೧೭೪೮ರ ಮಾರ್ಚಿಯಲ್ಲಿ, ಅಟ್ಲಾಂಟಿಕ್ ಸಾಗರದ ನಡುವೆ, ಅವನಿದ್ದ ಹಡಗು ಬಿರುಗಾಳಿಗೆ ಸಿಕ್ಕಿ ಜರ್ಜರಿತವಾಯಿತು. ದೈವನಿಂದೆಯಲ್ಲಿ ಹೆಸರಾಗಿದ್ದ ಆ ಇಪ್ಪತ್ತೆರಡರ ತರುಣ ಅಂದು ದೇವರಿಗೆ ಮೊರೆಯಿಟ್ಟನು. ಹಡಗು ಹೇಗೋ ದಡ ಸೇರಿತು, ನ್ಯೂಟನ್ ಭಕ್ತನಾದನು.

ಆದರೆ ಆ ಭಕ್ತನೇ ೧೭೫೦ರಿಂದ ೧೭೫೪ರವರೆಗೆ ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನನಾಗಿದ್ದನು! ಭಾನುವಾರ ನಾವಿಕರನ್ನು ಕೂಡಿಸಿ ಪ್ರಾರ್ಥನೆ ನಡೆಸುತ್ತಿದ್ದನು. ಅವರ ಕಾಲಡಿಯ ಹಲಗೆಯ ಕೆಳಗೆ ಆಫ್ರಿಕದ ಜನ ಸಂಕೋಲೆ ತೊಟ್ಟು ಒತ್ತೊತ್ತಾಗಿ ಬಿದ್ದಿದ್ದರು. ತನ್ನದು ಬಂದೀಖಾನೆಯ ಕಾವಲುಗಾರನಂಥ ಬಾಳೆಂದು ಅವನಿಗೆ ಒಮ್ಮೊಮ್ಮೆ ಬೇಸರ ಹುಟ್ಟಿದ್ದುಂಟು. ಪಾಪವೆಂದು ಮಾತ್ರ ತೋರಲಿಲ್ಲ. ಗೌರವಸ್ಥರೆಲ್ಲ ಒಪ್ಪಿದ್ದ ವ್ಯಾಪಾರವಲ್ಲವೆ ಅದು? ಕಡೆಗೆ ಅವನು ಕಡಲನ್ನು ತೊರೆದುದು ಸಹ ಕಾಯಿಲೆಯಿಂದ, ಪಶ್ಚಾತ್ತಾಪದಿಂದಲ್ಲ.

ಮುಂದೆ ಗ್ರೀಕ್, ಹೀಬ್ರೂ ಭಾಷೆಗಳನ್ನು ಕಲಿತನು. ೧೭೬೪ರಲ್ಲಿ ಓಲ್ನಿ ಎಂಬ ಊರಿನ ಪಾದ್ರಿಯಾದನು. ಲೋಕವೆಲ್ಲ ಹಾಡುವ ‘ಅಮೇಜಿಂಗ್ ಗ್ರೇಸ್’ ಕೀರ್ತನೆಯನ್ನು ಅಲ್ಲಿಯೇ ರಚಿಸಿದನು. ಆದರೂ ಹಳೆಯ ವ್ಯಾಪಾರದ ವಿರುದ್ಧ ಅವನು ಬಹಿರಂಗವಾಗಿ ದನಿಯೆತ್ತಿದುದು ೧೭೮೮ರಲ್ಲಿ. ಹಡಗು ಬಿಟ್ಟ ೩೪ ವರ್ಷಗಳ ಮೇಲೆ. ತಾನು ಕಂಡುದನ್ನೂ ಮಾಡಿದುದನ್ನೂ ಮುಚ್ಚಿಡದೆ ಒಂದು ಕಿರುಹೊತ್ತಗೆಯಲ್ಲಿ ಬರೆದನು. ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷ್ಯ ನುಡಿದನು. ರಾಜಕೀಯವನ್ನೇ ಬಿಡಬೇಕೆಂದಿದ್ದ ತರುಣ ಸದಸ್ಯ ವಿಲ್ಬರ್‌ಫೋರ್ಸನಿಗೆ, ಅಲ್ಲಿಯೇ ನಿಂತು ಸೇವೆ ಮಾಡೆಂದು ೧೭೮೫ರಲ್ಲಿ ಹೇಳಿದವನೂ ಅವನೇ. ಆ ವಿಲ್ಬರ್‌ಫೋರ್ಸನ ಹೋರಾಟದ ಫಲವಾಗಿ ೧೮೦೭ರಲ್ಲಿ ಬ್ರಿಟನ್ನು ಗುಲಾಮರ ವ್ಯಾಪಾರವನ್ನು ನಿಷೇಧಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ, ೮೨ನೆಯ ವಯಸ್ಸಿನಲ್ಲಿ, ನ್ಯೂಟನ್ ತೀರಿಕೊಂಡನು.

ಶಾಸ್ತ್ರವಾಕ್ಯವನ್ನು ಬಲ್ಲುದು ಒಂದು. ಅದರ ಬೆಳಕನ್ನು ತಾನು ಉಣ್ಣುವ ಅನ್ನದ ಮೂಲದ ಮೇಲೆ ಬೀಳಗೊಡುವುದು ಇನ್ನೊಂದು. ಮೊದಲನೆಯದಕ್ಕೆ ಓದು ಸಾಕು. ಎರಡನೆಯದಕ್ಕೆ, ನೆರೆಹೊರೆಯೆಲ್ಲ ಸರಿಯೆಂದುದನ್ನು ತಪ್ಪೆನ್ನುವ, ತನ್ನ ಕೈಯೂ ಅದರಲ್ಲಿತ್ತೆಂದು ಒಪ್ಪುವ ಧೈರ್ಯ ಬೇಕು. ನ್ಯೂಟನ್ನನಿಗೆ ಅದು ಬಹಳ ತಡವಾಗಿ ಬಂದಿತು. ಅವನ ಹಡಗಿನಲ್ಲಿ ಸತ್ತವರಿಗೆ ಅದರಿಂದ ಏನೂ ದೊರೆಯಲಿಲ್ಲ. ಇನ್ನೂ ಹಡಗೇರದಿದ್ದವರಿಗೆ ಮಾತ್ರ ಆ ಮುದುಕನ ಸಾಕ್ಷ್ಯ ನೆರವಾಯಿತು.