ಸಾಧನೆಯನ್ನು ನಡತೆಯಲ್ಲಿ ನೋಡಬೇಕು

ಹತ್ತು ಹನ್ನೆರಡು ವರ್ಷಗಳ ಹಿಂದೆ ಕರ್ನಾಟಕದಲ್ಲಿ ‘ಮಿಡ್‌ಬ್ರೇನ್ ಆಕ್ಟಿವೇಶನ್’ ಶಿಬಿರಗಳ ಭರಾಟೆ ಜೋರಾಗಿತ್ತು. ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡ ಮಗು ವೇದಿಕೆಯ ಮೇಲೆ ಕೂರುತ್ತಿತ್ತು. ಕೈಗೆ ಪುಸ್ತಕ ಕೊಟ್ಟರೆ ಓದುತ್ತಿತ್ತು, ಕಾರ್ಡು ಕೊಟ್ಟರೆ ಬಣ್ಣ ಹೇಳುತ್ತಿತ್ತು. ಒಳಗಣ್ಣು ತೆರೆದಿದೆ ಎಂದು ತರಬೇತುದಾರರು ಹೇಳುತ್ತಿದ್ದರು. ಪೋಷಕರು ಸಾವಿರಗಟ್ಟಲೆ ಶುಲ್ಕ ಕಟ್ಟುತ್ತಿದ್ದರು. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಇದರ ಬೆನ್ನುಹತ್ತಿ ಗುಟ್ಟನ್ನು ಬಯಲು ಮಾಡಿದರು. ಗುಟ್ಟು ಇದ್ದದ್ದು ಮೂಗಿನ ಪಕ್ಕದಲ್ಲಿ. ಪಟ್ಟಿಯನ್ನು ಎಷ್ಟೇ ಬಿಗಿದು ಕಟ್ಟಿದರೂ ಮೂಗಿನ ಎರಡೂ ಬದಿಯಲ್ಲಿ ಸಣ್ಣ ಸಂದು ಉಳಿಯುತ್ತದೆ. ಗಲ್ಲವನ್ನು ತುಸು ಮೇಲೆತ್ತಿದರೆ ಸಾಕು, ಮಡಿಲಲ್ಲಿರುವ ಪುಟ ಕಾಣುತ್ತದೆ. ಆ ಸಂದು ಮುಚ್ಚಿದರೆ ಓದು ನಿಲ್ಲುತ್ತದೆ.

ಮಿಡ್‌ಬ್ರೇನ್ ಅಂದರೆ ಮಿದುಳ ಕಾಂಡದ ಮೇಲಿನ ಭಾಗ. ಕಣ್ಣಿನ ಚಲನೆಯಂಥ ಕೆಲಸಗಳಲ್ಲಿ ಅದರ ಪಾತ್ರವಿದೆ. ಅದನ್ನು ಯಾರೂ ಹೊಸದಾಗಿ ಚಾಲೂ ಮಾಡಬೇಕಿಲ್ಲ, ಹುಟ್ಟಿದಾಗಿನಿಂದಲೂ ಕೆಲಸ ಮಾಡುತ್ತಲೇ ಇರುತ್ತದೆ. ಇಲ್ಲಿ ಹಣ ಹೋದದ್ದು ಸಣ್ಣ ನಷ್ಟ. ಹತ್ತು ವರ್ಷದ ಮಗು ದೊಡ್ಡವರ ಚಪ್ಪಾಳೆಗಾಗಿ, ಕಂಡದ್ದನ್ನು ಕಾಣಲಿಲ್ಲ ಎಂದು ಹೇಳುವುದನ್ನು ಕಲಿಯಿತು. ಅಂತರಂಗದ ವಿಕಾಸದ ಹೆಸರಿನಲ್ಲಿ ಅದಕ್ಕೆ ಸಿಕ್ಕಿದ್ದು ಸುಳ್ಳಿನ ಅಭ್ಯಾಸ.

ಆ ಶಿಬಿರಗಳ ಗದ್ದಲ ತಗ್ಗಿರಬಹುದು, ಅದರ ಹಿಂದಿನ ವ್ಯಾಪಾರ ತಗ್ಗಿಲ್ಲ. ಮೂರನೇ ಕಣ್ಣು ತೆರೆಯುವ ಕೋರ್ಸು, ವಾರಾಂತ್ಯದಲ್ಲಿ ಕುಂಡಲಿನಿ ಜಾಗೃತಿ, ಬಯಸಿದ್ದನ್ನು ವಿಶ್ವದಿಂದ ತರಿಸಿಕೊಳ್ಳುವ ತಂತ್ರ ಎಲ್ಲವೂ ಈಗ ಮೊಬೈಲಿನಲ್ಲೇ ಬುಕ್ ಆಗುತ್ತವೆ. ಇವುಗಳ ಹಿಂದೆ ಹೋಗುವವರನ್ನು ದಡ್ಡರೆಂದು ತಳ್ಳಿಹಾಕುವುದು ಸುಲಭ, ಆದರೆ ಅದು ಸರಿಯಲ್ಲ. ಸಂಬಳ, ಮನೆ, ಕಾರು ಎಲ್ಲ ಆದ ಮೇಲೂ ರಾತ್ರಿ ನಿದ್ದೆ ಬಾರದವನ ಹಸಿವು ನಿಜವಾದದ್ದು. ಗಂಡ ತೀರಿಕೊಂಡ ಮೇಲೆ ಬದುಕಿನ ಅರ್ಥ ಹುಡುಕುವ ಹೆಂಗಸಿನ ಪ್ರಶ್ನೆಯೂ ನಿಜವಾದದ್ದು. ಇಂಥವರಿಗೆ ಒಳಗಿನ ಸಾಧನೆ ಬೇಕು. ಸಿಗುತ್ತಿರುವುದು ಮಾತ್ರ ಸಿದ್ಧಿಯ ಆಮಿಷ. ಯಾವ ಗುಹ್ಯವಿದ್ಯೆಯೇ ಆಗಲಿ, ಅದು ಎಂಥ ಅನುಭವ ಕೊಟ್ಟಿತು ಎಂಬುದರಿಂದ ಅದರ ಬೆಲೆ ಕಟ್ಟಬಾರದು. ಕಲಿತವನು ಮನೆಯಲ್ಲಿ, ಕಚೇರಿಯಲ್ಲಿ, ಹಣದ ವಿಷಯದಲ್ಲಿ ಹೇಗೆ ನಡೆದುಕೊಳ್ಳುತ್ತಾನೆ ಎಂಬುದನ್ನು ನೋಡಿ ಕಟ್ಟಬೇಕು.

ಇದು ಆಧುನಿಕರು ಹೊರಗಿನಿಂದ ಹೇರುವ ಮಾನದಂಡವಲ್ಲ, ಪರಂಪರೆಯೇ ಇಟ್ಟುಕೊಂಡದ್ದು. ಪತಂಜಲಿಯ ಯೋಗಸೂತ್ರದ ಮೂರನೆಯ ಪಾದದಲ್ಲಿ ಸಿದ್ಧಿಗಳ ದೊಡ್ಡ ಪಟ್ಟಿಯಿದೆ. ಅದೇ ಪಾದದಲ್ಲಿ, ಇವು ಸಮಾಧಿಗೆ ಅಡ್ಡಿ ಎಂಬ ಎಚ್ಚರಿಕೆಯೂ ಇದೆ. ಎಂಟು ಅಂಗಗಳಲ್ಲಿ ಆಸನಕ್ಕೆ ಮೂರನೆಯ ಸ್ಥಾನ. ಮೊದಲು ಬರುವುದು ಯಮ: ಅಹಿಂಸೆ, ಸತ್ಯ, ಕದಿಯದಿರುವುದು, ಬ್ರಹ್ಮಚರ್ಯ, ಬೇಕಾದ್ದಕ್ಕಿಂತ ಹೆಚ್ಚು ಕೂಡಿಡದಿರುವುದು. ಇಂದಿನ ಎಷ್ಟೋ ಶಿಬಿರಗಳು ಈ ಮೊದಲ ಮೆಟ್ಟಿಲನ್ನು ಹಾರಿ ನೇರವಾಗಿ ಉಸಿರಿಗೆ, ಚಕ್ರಗಳಿಗೆ ಬಂದುಬಿಡುತ್ತವೆ.

ಕನ್ನಡದಲ್ಲಿ ಇದೇ ವಿಷಯ ಕತೆಯಾಗಿಯೇ ಇದೆ. 15ನೇ ಶತಮಾನದಿಂದೀಚೆಗೆ ರೂಪುಗೊಂಡ ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭು ಗೋರಕ್ಷನನ್ನು ಭೇಟಿಯಾಗುತ್ತಾನೆ. ಗೋರಕ್ಷ ಸಿದ್ಧ; ದೇಹವನ್ನು ವಜ್ರದಷ್ಟು ಗಟ್ಟಿ ಮಾಡಿಕೊಂಡವನು. ಬೇಕಾದರೆ ಕತ್ತಿಯಿಂದ ಹೊಡೆದು ನೋಡು ಎಂದು ಸವಾಲು ಹಾಕುತ್ತಾನೆ. ಅಲ್ಲಮ ಹೊಡೆದರೆ ಖಣಿಲ್ ಎಂದು ಸದ್ದಾಗುತ್ತದೆ, ಮೈಗೆ ಗಾಯವಿಲ್ಲ. ಆಮೇಲೆ ಅಲ್ಲಮ ತನ್ನನ್ನು ಹೊಡೆಯಲು ಹೇಳುತ್ತಾನೆ. ಕತ್ತಿ ಬಯಲಲ್ಲಿ ಬೀಸಿದಂತೆ ಆಚೆ ಹಾದುಹೋಗುತ್ತದೆ, ಸದ್ದೇ ಇಲ್ಲ. ಗೋರಕ್ಷ ಗೆದ್ದದ್ದು ದೇಹವನ್ನು. ಅದನ್ನು ಗೆದ್ದೆನೆಂಬ ಹಮ್ಮು ಅವನಲ್ಲಿ ಹಾಗೆಯೇ ಉಳಿದಿತ್ತು. ಅಲ್ಲಮನಲ್ಲಿ ಕತ್ತಿಗೆ ತಾಗಲು ಆ ಹಮ್ಮೇ ಇರಲಿಲ್ಲ. ಬೆಡಗಿನ ವಚನಗಳ ಒಗಟಿನಲ್ಲಿ ಗುಹ್ಯವಿದ್ಯೆಯ ಆಳಕ್ಕೆ ಇಳಿದವನೇ ಸಿದ್ಧಿಯ ಪ್ರದರ್ಶನವನ್ನು ಹೀಗೆ ಪಕ್ಕಕ್ಕೆ ಸರಿಸಿದ್ದನ್ನು ಗಮನಿಸಬೇಕು.

ಇನ್ನೊಂದು ಕತೆಯಲ್ಲಿ ಕತ್ತಿಯೂ ಇಲ್ಲ, ಸಿದ್ಧನೂ ಇಲ್ಲ. ಆಯ್ದಕ್ಕಿ ಮಾರಯ್ಯನ ಕಾಯಕ ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಪ್ಪಲಿಲ್ಲ; ಹೆಚ್ಚಿನದನ್ನು ತಂದಲ್ಲೇ ಸುರಿದು ಬಾ ಎಂದಳು. ಆ ಹೆಚ್ಚುವರಿ ಅಕ್ಕಿಯಲ್ಲಿ ಆಸೆ ಮೊಳೆತದ್ದನ್ನು ಅವಳು ಗಂಡನಿಗಿಂತ ಮೊದಲೇ ಕಂಡಳು. ಅವಳು ಗುಹೆಯಲ್ಲಿ ಕೂತು ಇದನ್ನು ಕಲಿಯಲಿಲ್ಲ. ಅಡುಗೆಮನೆಯಲ್ಲಿ, ಅಕ್ಕಿ ಅಳೆಯುವಾಗ ಅಂತರಂಗವನ್ನು ನೋಡುವ ಕಣ್ಣು ಅವಳಿಗಿತ್ತು. ಆಮೇಲೆ ಬಂದ ತತ್ವಪದಕಾರರದೂ ಇದೇ ದಾರಿ. ಕಳಸದ ಗೋವಿಂದ ಭಟ್ಟರ ಶಿಷ್ಯ ಶಿಶುನಾಳ ಶರೀಫರು (1819–1889) ಯೋಗದ ಗೂಢ ಸಂಗತಿಗಳನ್ನು ಸೋರುವ ಮಾಳಿಗೆಯಂಥ ಮನೆಮಾತಿನ ವಸ್ತುಗಳಲ್ಲಿ ಇಟ್ಟು ಹಾಡಿದರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಆ ಪದಗಳನ್ನು ಏಕತಾರಿ, ದಮ್ಮಡಿ ಹಿಡಿದು ರಾತ್ರಿಯಿಡೀ ಹಾಡಿದವರು ಹೊಲದಲ್ಲಿ ದುಡಿಯುವವರು, ಮಗ್ಗದಲ್ಲಿ ಕೂರುವವರು. ಅವರಿಗೆ ಗುಟ್ಟು ತಿಳಿಯಲು ಹಣ ಕಟ್ಟಬೇಕಿರಲಿಲ್ಲ. ಹಾಡುತ್ತ ಹಾಡುತ್ತ ಅರ್ಥ ತಾನೇ ಬಿಚ್ಚಿಕೊಳ್ಳುತ್ತಿತ್ತು, ಅರ್ಥವಾಗದಿದ್ದರೆ ಪಕ್ಕದವರನ್ನು ಕೇಳಬಹುದಿತ್ತು.

ಯುರೋಪು, ಅಮೆರಿಕಗಳ ಗುಹ್ಯವಿದ್ಯೆಯ ಚರಿತ್ರೆಯೂ ಸಿದ್ಧಿಯ ಆಮಿಷದಲ್ಲೇ ಎಡವಿದೆ. 1875ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಥಿಯಾಸಫಿಕಲ್ ಸೊಸೈಟಿ 1882ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು ನೆಲೆಸಿತು. 1909ರಲ್ಲಿ ಅಲ್ಲಿನ ಕಡಲ ತೀರದಲ್ಲಿ ಸೊಸೈಟಿಯ ನಾಯಕರಲ್ಲೊಬ್ಬರಾದ ಲೆಡ್‌ಬೀಟರ್ ಒಬ್ಬ ಬಡಕಲು ಹುಡುಗನನ್ನು ಕಂಡು, ಈತನೇ ಮುಂದಿನ ಜಗದ್ಗುರು ಎಂದರು. ಆ ಹುಡುಗ ಮದನಪಲ್ಲಿಯಲ್ಲಿ ಹುಟ್ಟಿದ ಜಿಡ್ಡು ಕೃಷ್ಣಮೂರ್ತಿ. 1911ರಲ್ಲಿ ಅವನಿಗಾಗಿ ‘ಆರ್ಡರ್ ಆಫ್ ದಿ ಸ್ಟಾರ್ ಇನ್ ದಿ ಈಸ್ಟ್’ ಎಂಬ ಸಂಘಟನೆಯೇ ಹುಟ್ಟಿತು. ಹಣ, ಜಮೀನು, ದೇಶದೇಶಗಳ ಅನುಯಾಯಿಗಳು ಎಲ್ಲ ಬಂದರು. 1929ರ ಆಗಸ್ಟ್ 3ರಂದು ಹಾಲೆಂಡಿನ ಓಮೆನ್‌ನಲ್ಲಿ, ಸೊಸೈಟಿಯ ಅಧ್ಯಕ್ಷೆ ಆನಿ ಬೆಸೆಂಟ್ ಮತ್ತು ಮೂರು ಸಾವಿರಕ್ಕೂ ಹೆಚ್ಚು ಸದಸ್ಯರ ಎದುರಿಗೆ, ಆ ಯುವಕ ಸಂಘಟನೆಯನ್ನು ವಿಸರ್ಜಿಸಿದರು. ಸತ್ಯವನ್ನು ಸಂಘಟಿಸಲು ಬರುವುದಿಲ್ಲ, ಯಾರೂ ತಮ್ಮ ಅನುಯಾಯಿಗಳಾಗಬೇಕಿಲ್ಲ ಎಂಬುದು ಅವರ ನಿಲುವು. ಉಡುಗೊರೆಯಾಗಿ ಬಂದಿದ್ದ ಅಲ್ಲಿನ ಕೋಟೆಮನೆ ಮತ್ತು ಜಮೀನು ದಾನಿಗೆ ವಾಪಸ್ ಹೋದವು. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಜಗದ್ಗುರುವಿನ ಪೀಠ ಬಿಟ್ಟುಕೊಟ್ಟದ್ದನ್ನು ಒಂದು ಆಧ್ಯಾತ್ಮಿಕ ಸಾಧನೆಯೆಂದೇ ಎಣಿಸಬೇಕು. ಅದನ್ನು ನಂಬಲು ಯಾರಿಗೂ ದಿವ್ಯದೃಷ್ಟಿ ಬೇಕಿಲ್ಲ.

ಇದೇ ಜಗದ್ಗುರುವಿನ ವಿಚಾರದಲ್ಲಿ ಥಿಯಾಸಫಿಯಿಂದ ಮೊದಲೇ ಸಿಡಿದು ಹೊರಬಂದವರು ರುಡಾಲ್ಫ್ ಸ್ಟೈನರ್. ಅವರು ಕಟ್ಟಿದ ಆಂಥ್ರೊಪಾಸಫಿ ಎಂಬ ಪಂಥದಲ್ಲಿ ಕಾಳಿನ ಜೊತೆಗೆ ಜೊಳ್ಳೂ ಧಾರಾಳವಾಗಿದೆ. ಮುಳುಗಿದ ಅಟ್ಲಾಂಟಿಸ್ ಖಂಡದ ಬಗ್ಗೆ ದಿವ್ಯದೃಷ್ಟಿಯಿಂದ ಹೇಳಿದ ಮಾತುಗಳನ್ನು ಪರೀಕ್ಷಿಸಲು ದಾರಿಯಿಲ್ಲ. ಜನಾಂಗಗಳನ್ನು ಮೇಲು ಕೀಳೆಂದು ಜೋಡಿಸಿದ ಮಾತುಗಳನ್ನು ಒಪ್ಪಲಾಗದು. ಆದರೆ ಅವರು ಶಿಷ್ಯರಿಗೆ ಕೊಟ್ಟ ಅಭ್ಯಾಸಗಳು ಯಾರು ಬೇಕಾದರೂ ಮಾಡಿ ನೋಡುವಷ್ಟು ಸರಳ. ಒಂದು ಪೆನ್ಸಿಲನ್ನೋ ಗುಂಡುಸೂಜಿಯನ್ನೋ ಎತ್ತಿಕೊಂಡು ಐದು ನಿಮಿಷ ಅದರ ಬಗ್ಗೆ ಮಾತ್ರ ಯೋಚಿಸಬೇಕು: ಯಾವುದರಿಂದ ಮಾಡಿದ್ದು, ಹೇಗೆ ಮಾಡಿದರು, ಯಾವುದಕ್ಕೆ ಬಳಕೆ. ದಿನವೂ ಗೊತ್ತಾದ ಹೊತ್ತಿಗೆ, ಯಾರೂ ಹೇಳದ ಒಂದು ಪುಟ್ಟ ಕೆಲಸವನ್ನು ತಪ್ಪದೆ ಮಾಡಬೇಕು. ರಾತ್ರಿ ಮಲಗುವ ಮುನ್ನ ಇಡೀ ದಿನವನ್ನು ಸಂಜೆಯಿಂದ ಬೆಳಗಿನ ಕಡೆಗೆ ಹಿಮ್ಮುಖವಾಗಿ, ಬೇರೆ ಯಾರದೋ ದಿನವೆಂಬಂತೆ ನೋಡಬೇಕು. ಹೀಗೆ ನೋಡುವಾಗ ಮಧ್ಯಾಹ್ನ ಸಹೋದ್ಯೋಗಿಯ ಮೇಲೆ ಹರಿಹಾಯ್ದದ್ದು ಎದುರಿಗೆ ಬರುತ್ತದೆ. ಅದಕ್ಕೂ ಮೊದಲು ಮನೆಯಿಂದ ಸಿಟ್ಟಿನಲ್ಲಿ ಹೊರಟದ್ದು ಆಮೇಲೆ ಬರುತ್ತದೆ. ಕಾರಣ ಹಿಂದಿನಿಂದ ಬಂದು ತಾನೇ ಪರಿಣಾಮಕ್ಕೆ ಅಂಟಿಕೊಳ್ಳುತ್ತದೆ. ಇದರಲ್ಲಿ ದೀಕ್ಷೆಯ ಗುಟ್ಟೇನೂ ಇಲ್ಲ. ಜ್ಞಾನದಲ್ಲಿ ಒಂದು ಹೆಜ್ಜೆ ಇಡುವವನು ಶೀಲದಲ್ಲಿ ಮೂರು ಹೆಜ್ಜೆ ಇಡಬೇಕೆಂಬುದು ಅವರದೇ ನಿಯಮವಾಗಿತ್ತು.

ಬೆಂಗಳೂರಿನ ಬಸವನಗುಡಿಗೂ ಥಿಯಾಸಫಿಯ ಹೊಳೆಯ ಒಂದು ಕವಲು ಹರಿದಿದೆ. ಅಡ್ಯಾರನ್ನು ಬಿಟ್ಟುಬಂದ ಬಿ.ಪಿ. ವಾಡಿಯಾ ತಮ್ಮ ಪತ್ನಿ ಸೋಫಿಯಾ ವಾಡಿಯಾ ಅವರೊಡನೆ 1945ರಲ್ಲಿ ಅಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಕಟ್ಟಿದರು. ಥಿಯಾಸಫಿಯಿಂದ ನಗರಕ್ಕೆ ದಕ್ಕಿದ್ದು ಗ್ರಂಥಾಲಯ ಮತ್ತು ಎಲ್ಲರಿಗೂ ಬಾಗಿಲು ತೆರೆದ ಉಪನ್ಯಾಸ ಸಭಾಂಗಣ.

ಆಧುನಿಕ ಬದುಕಿನ ನಡುವೆಯೇ ಸಾಧನೆ ಹೇಗಿರಬಹುದು ಎಂಬುದಕ್ಕೆ ಬರ್ಮಾದ ಊ ಬಾ ಖಿನ್ ಅವರಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅವರು ಸನ್ಯಾಸಿಯಲ್ಲ, ಲೆಕ್ಕಪತ್ರ ಇಲಾಖೆಯಲ್ಲಿ ಗುಮಾಸ್ತೆಯಾಗಿ ಸೇರಿ ಮೇಲೆ ಬಂದ ಸಂಸಾರಿ. 1937ರಲ್ಲಿ ಧ್ಯಾನ ಕಲಿತರು. ಕಲಿಸಿದ ಸಯಾ ತೆಟ್‌ಜಿಯೂ ಬೇಸಾಯಗಾರ. 1948ರಲ್ಲಿ ಬರ್ಮಾ ಸ್ವತಂತ್ರವಾದಾಗ ಊ ಬಾ ಖಿನ್ ದೇಶದ ಮೊದಲ ಅಕೌಂಟೆಂಟ್ ಜನರಲ್ ಆದರು. ತಮ್ಮ ಕಚೇರಿಯಲ್ಲೇ ಸಿಬ್ಬಂದಿಗೆ ವಿಪಸ್ಸನ ಎಂಬ ಈ ಧ್ಯಾನ ಕಲಿಸತೊಡಗಿದರು. ಏಕಕಾಲಕ್ಕೆ ಒಂದಕ್ಕಿಂತ ಹೆಚ್ಚು ಇಲಾಖೆಗಳ ಹೊಣೆ ಹೊತ್ತು, ಲಂಚ ಮತ್ತು ಸೋಮಾರಿತನಕ್ಕೆ ಕಡಿವಾಣ ಹಾಕಿದ ಅಧಿಕಾರಿ ಎಂದು ಹೆಸರಾದರು. ಧ್ಯಾನದ ಫಲವನ್ನು ಅವರು ಫೈಲುಗಳಲ್ಲಿ ಕಾಣಬಯಸಿದರು.

1955ರಲ್ಲಿ ಅವರ ಬಳಿಗೆ ಸತ್ಯನಾರಾಯಣ ಗೋಯೆಂಕಾ ಎಂಬ ಯುವ ವ್ಯಾಪಾರಿ ಬಂದರು. ಹಲವು ದೇಶಗಳ ವೈದ್ಯರಿಂದಲೂ ವಾಸಿಯಾಗದ ಮೈಗ್ರೇನ್ ತಲೆನೋವು ಅವರನ್ನು ಅಲ್ಲಿಗೆ ತಂದಿತ್ತು. ಬರೀ ತಲೆನೋವಿಗಾಗಿ ಬಂದಿದ್ದರೆ ಕಲಿಸಲಾಗದು ಎಂದು ಊ ಬಾ ಖಿನ್ ಮೊದಲು ಹೇಳಿಬಿಟ್ಟರು. ಮನಸ್ಸಿನ ಕೊಳೆ ತೊಳೆಯಲು ಬಂದರೆ ಕಲಿಸುತ್ತೇನೆ, ತಲೆನೋವು ಹೋದರೆ ಹೋಗಲಿ ಎಂಬುದು ಅವರ ಷರತ್ತು. ಕೈತುಂಬ ಕೊಡಬಲ್ಲ ಶ್ರೀಮಂತನ ಮುಂದೆ ಹೀಗೆ ಹೇಳುವ ಗುರು ಇಂದಿನ ಜಾಹೀರಾತುಗಳಲ್ಲಿ ಕಾಣಸಿಗುವುದಿಲ್ಲ. ಅದೇ ಗೋಯೆಂಕಾ 1969ರಲ್ಲಿ ಭಾರತಕ್ಕೆ ಬಂದು ಹತ್ತು ದಿನಗಳ ಶಿಬಿರ ಶುರುಮಾಡಿದರು. ಬೆಂಗಳೂರಿನ ಹೊರವಲಯದ ಆಲೂರಿನಲ್ಲೂ ಅಂಥ ಕೇಂದ್ರವಿದೆ. ಬೆಳಗಿನ ನಾಲ್ಕಕ್ಕೆ ಗಂಟೆ, ದಿನಕ್ಕೆ ಹತ್ತು ತಾಸಿನಷ್ಟು ಕೂರುವುದು, ಮೌನ. ಮೊದಲು ಪಂಚಶೀಲ, ಆಮೇಲೆ ಉಸಿರು. ಶುಲ್ಕವಿಲ್ಲ, ಒಂದು ಶಿಬಿರ ಮುಗಿಸಿದವರಿಂದ ಮಾತ್ರ ದೇಣಿಗೆ ಪಡೆಯುವ ಕ್ರಮ.

ಹಾಗೆಂದು ಪ್ರಾಮಾಣಿಕ ಸಾಧನೆಯಲ್ಲಿ ಅಪಾಯವೇ ಇಲ್ಲ ಎನ್ನುವಂತಿಲ್ಲ. ಧ್ಯಾನದ ಲಾಭವನ್ನು ಅಳೆದವರು ಹೇಳಿರುವುದು ಮಿತವಾದ ಮಾತು. 2014ರಲ್ಲಿ ಜಾಮಾ ಇಂಟರ್ನಲ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದ ವಿಮರ್ಶೆ 47 ಪ್ರಯೋಗಗಳ 3,515 ಜನರ ಫಲಿತಾಂಶ ಜೋಡಿಸಿ ನೋಡಿತು. ಆತಂಕ, ಖಿನ್ನತೆ, ನೋವು ಸ್ವಲ್ಪಮಟ್ಟಿಗೆ ತಗ್ಗುವುದಕ್ಕೆ ಆಧಾರ ಸಿಕ್ಕಿತು. ಪವಾಡವೇನೂ ಅಲ್ಲ, ಆದರೆ ಉಪಯೋಗವುಂಟು. 2017ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಪ್ಲಾಸ್ ಒನ್ ಪತ್ರಿಕೆಯಲ್ಲಿ ಇನ್ನೊಂದು ಮುಖ ತೋರಿಸಿದರು. ಧ್ಯಾನದಲ್ಲಿ ತೊಡಕು ಅನುಭವಿಸಿದ ಸುಮಾರು 60 ಸಾಧಕರನ್ನು ಅವರು ಕೂಲಂಕಷವಾಗಿ ಮಾತನಾಡಿಸಿದ್ದರು. ಭಯ, ನಿದ್ದೆಗೇಡು, ತಾನು ಯಾರೆಂಬುದೇ ಸಡಿಲವಾದಂಥ ದಿಗ್ಭ್ರಮೆ ಅವರ ಮಾತಿನಲ್ಲಿ ಬಂದವು. ಇಂಥವು ಎದುರಾದಾಗ ‘ನಿನ್ನ ಕರ್ಮ ಕರಗುತ್ತಿದೆ’ ಎಂದಷ್ಟೇ ಹೇಳಿ ಕಳಿಸುವ ಗುರು, ರೋಗಿಯ ಕೈಬಿಡುವ ವೈದ್ಯನಷ್ಟೇ ಹೊಣೆಗೇಡಿ.

ಆದ್ದರಿಂದ ಕೆಲವು ಕೆಲಸಗಳು ಈಗಲೇ ಆಗಬೇಕು. ಮಕ್ಕಳ ಮಿದುಳು ಚುರುಕು ಮಾಡುತ್ತೇವೆಂದು ಬರುವ ಶಿಬಿರಗಳಿಗೆ ಶಾಲೆಗಳು ಸಭಾಂಗಣ ಕೊಡಬಾರದು. ಅದೃಷ್ಟ, ಸಿದ್ಧಿ, ವಶೀಕರಣದ ಜಾಹೀರಾತುಗಳನ್ನು ಪತ್ರಿಕೆಗಳೂ ವಾಹಿನಿಗಳೂ ನಿಲ್ಲಿಸಬೇಕು. ಮೂಢನಂಬಿಕೆಯ ವಿರುದ್ಧ ಸಂಪಾದಕೀಯ ಬರೆದು, ಅದೇ ಸಂಚಿಕೆಯಲ್ಲಿ ಅದನ್ನೇ ಮಾರುವುದು ಓದುಗರಿಗೆ ಮಾಡುವ ಅನ್ಯಾಯ. ಶಿಬಿರ ನಡೆಸುವವರು ಪೂರ್ತಿ ಖರ್ಚನ್ನು ಮೊದಲ ದಿನವೇ ತಿಳಿಸಬೇಕು. ಒಂದು ಹಂತ ಮುಗಿದ ಮೇಲೆ ಮುಂದಿನ ಹಂತಕ್ಕೆ ಇನ್ನಷ್ಟು ಹಣ, ಅದರ ಮುಂದೆ ಮತ್ತೊಂದು ಗುಟ್ಟು ಎಂಬ ಏಣಿಯನ್ನು ಕಂಡ ಕೂಡಲೇ ಜನ ಹಿಂದೆ ಸರಿಯಬೇಕು. ಪ್ರಶ್ನೆ ಕೇಳಿದ ಶಿಷ್ಯನನ್ನು ಅಹಂಕಾರಿ ಎನ್ನುವ ಕಡೆ, ಮನೆಯವರಿಂದ ದೂರವಿರು ಎಂದು ಹೇಳುವ ಕಡೆ ಒಂದು ದಿನವೂ ನಿಲ್ಲಬಾರದು.

ಮೌನ ಶಿಬಿರಗಳ ವಿಷಯದಲ್ಲಿ ಬೆಂಗಳೂರಿಗೆ ಒಂದು ಅನುಕೂಲವಿದೆ. ಇಲ್ಲಿ ಒಂದೆಡೆ ಧ್ಯಾನ ಕೇಂದ್ರಗಳಿವೆ, ಇನ್ನೊಂದೆಡೆ ನಿಮ್ಹಾನ್ಸ್ ಇದೆ. ಯೋಗ ಮತ್ತು ಮನೋವೈದ್ಯಕೀಯ ಎರಡನ್ನೂ ಜೊತೆಗಿಟ್ಟು ನೋಡುವ ವಿಭಾಗವೂ ಅಲ್ಲಿದೆ. ಕೇಂದ್ರಗಳವರೂ ನಿಮ್ಹಾನ್ಸ್ ತಜ್ಞರೂ ಒಟ್ಟಿಗೆ ಕೂತು ಕನ್ನಡದಲ್ಲಿ ಒಂದು ಪುಟದ ಪ್ರಶ್ನಾವಳಿ ಸಿದ್ಧಪಡಿಸಬಹುದು: ಹಿಂದೆ ತೀವ್ರ ಮಾನಸಿಕ ಕಾಯಿಲೆ ಇತ್ತೇ, ಔಷಧ ನಡೆಯುತ್ತಿದೆಯೇ, ಇತ್ತೀಚೆಗೆ ದೊಡ್ಡ ಆಘಾತವಾಗಿದೆಯೇ. ಯಾವುದೇ ಪಂಥದ ಶಿಬಿರವಾಗಲಿ, ಸೇರುವವರೆಲ್ಲರೂ ಅದನ್ನು ತುಂಬಲಿ. ಶಿಬಿರ ಮುಗಿಸಿ ಹೊರಡುವಾಗ ಅವರ ಕೈಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಬರೆದ ಚೀಟಿ ಇರಲಿ, ಊರಿಗೆ ಮರಳಿದ ಮೊದಲ ತಿಂಗಳು ಕೇಂದ್ರದಿಂದಲೇ ಯಾರಾದರೂ ಫೋನು ಮಾಡಿ ನಿದ್ದೆ, ಊಟ, ಕೆಲಸ ಹೇಗಿದೆ ಎಂದು ವಿಚಾರಿಸಲಿ.