ಪರಿಚಯದ ಸಹಿ

ಈಗ ಬ್ಯಾಂಕಿನಲ್ಲಿ ಖಾತೆ ತೆರೆಯಲು ಆಧಾರ್ ಕಾರ್ಡು ಹಿಡಿದು ಹೋಗಿ ಬೆರಳು ಒತ್ತಿದರೆ ಮುಗಿಯಿತು. ನಾನು ಗುಮಾಸ್ತನಾಗಿ ಸೇರಿದ ಕಾಲದಲ್ಲಿ ಹಾಗಿರಲಿಲ್ಲ ಮಕ್ಕಳೇ. ಹೊಸದಾಗಿ ಖಾತೆ ಮಾಡಿಸುವವರು, ಅದೇ ಶಾಖೆಯಲ್ಲಿ ಮೊದಲೇ ಖಾತೆ ಇದ್ದ ಒಬ್ಬರನ್ನು ಜೊತೆಗೆ ಕರೆತರಬೇಕಿತ್ತು. ಅರ್ಜಿಯ ಕೆಳಗೆ ಒಂದು ಗೆರೆ. ಈ ವ್ಯಕ್ತಿಯನ್ನು ನಾನು ಇಷ್ಟು ವರ್ಷಗಳಿಂದ ಬಲ್ಲೆ ಎಂದು ಬರೆದು ಬಂದವರು ಅಲ್ಲಿ ಸಹಿ ಹಾಕಬೇಕು. ಅದಕ್ಕೆ ನಾವು 'ಪರಿಚಯದ ಸಹಿ' ಎನ್ನುತ್ತಿದ್ದೆವು.

ನೌಕರಿಗೆ ಸೇರಿದ ಎರಡನೆಯ ವರ್ಷದ ಮಾತು. ಕೌಂಟರಿನ ಮುಂದೆ ಉದ್ದ ಸಾಲು. ಇಸ್ತ್ರಿ ಮಾಡಿದ ಬಿಳಿ ಶರ್ಟಿನ ಒಬ್ಬರು ಬಂದು, "ಪರಿಚಯದವರು ಇವತ್ತು ಊರಿನಲ್ಲಿಲ್ಲ, ನೀವೇ ಒಂದು ಸಹಿ ಹಾಕಿಬಿಡಿ ಸಾರ್" ಎಂದರು. ನೋಡಲು ಸಭ್ಯರು. ಹಾಕಿಬಿಟ್ಟೆ. ಮೂರು ವಾರ ಕಳೆಯುವುದರೊಳಗೆ ಯಾರದೋ ಕಳುವಾದ ಚೆಕ್ಕು ಆ ಖಾತೆಗೆ ಬಂದು, ಹಣವೂ ಹೋಗಿತ್ತು, ಬಿಳಿ ಶರ್ಟೂ ಹೋಗಿತ್ತು. ಮ್ಯಾನೇಜರು ನನ್ನನ್ನು ಒಳಗೆ ಕರೆದರು.

"ಇವರನ್ನು ಎಷ್ಟು ವರ್ಷದಿಂದ ಬಲ್ಲೆ ಅಂತ ಬರೆದಿದ್ದೀಯಪ್ಪಾ?"

"ಎರಡು ವರ್ಷ ಸಾರ್."

"ನೀನು ಈ ಊರಿಗೆ ಬಂದೇ ಹದಿನಾಲ್ಕು ತಿಂಗಳಾಯಿತಲ್ಲೋ!"

ಆ ದಿನ ಸಿಕ್ಕ ಮೆಮೊ ಈಗಲೂ ನನ್ನ ಟ್ರಂಕಿನಲ್ಲಿದೆ. ಅದರಿಂದ ಬುದ್ಧಿ ಕಲಿತೆ ಎಂದುಕೊಂಡಿದ್ದೆ. ಆದರೆ ಎಪ್ಪತ್ತು ದಾಟಿದ ಮೇಲೆ ಮತ್ತೊಮ್ಮೆ ಅದೇ ತಪ್ಪು ಮಾಡಿದೆ. ಈ ಸಲ ಪುಸ್ತಕದ ವಿಷಯದಲ್ಲಿ.

ನನ್ನ ಮೊಮ್ಮಗ ಬೆಂಗಳೂರಿನಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದುವವನು. ಕನ್ನಡ ಅವನಿಗೆ ಪರೀಕ್ಷೆಗಿರುವ ಒಂದು ವಿಷಯ, ಅಷ್ಟೆ. ಎರಡು ಬೇಸಿಗೆಗಳ ಹಿಂದೆ ರಜೆಗೆ ಸಾಗರದ ನಮ್ಮ ಮನೆಗೆ ಬಂದಾಗ, ಅವನ ಕನ್ನಡ ಸರಿಮಾಡಿಯೇ ಕಳಿಸುವುದೆಂದು ಹಟ ತೊಟ್ಟೆ. ಪೇಪರಿನಲ್ಲಿ ಬಂದ ಬಹುಮಾನದ ಪಟ್ಟಿ, ಪರಿಚಿತರ ಮಾತು ಎಲ್ಲ ನೋಡಿ ಹತ್ತು ಪುಸ್ತಕ ತಂದು ಜೋಡಿಸಿಟ್ಟೆ. ಹಳೆಯ ಅಭ್ಯಾಸ ಬಿಡುವುದುಂಟೆ? ಒಂದು ನೋಟ್‌ಬುಕ್ಕಿಗೆ ಗೆರೆ ಹಾಕಿ ತಾರೀಕು, ಪುಸ್ತಕದ ಹೆಸರು, ಓದಿದ ಪುಟ, ಸಹಿ, ಷರಾ ಎಂದು ಐದು ಕಲಂ ಮಾಡಿಕೊಟ್ಟೆ.

ಹುಡುಗ ಒಂದು ದಿನವೂ ತಪ್ಪಿಸಲಿಲ್ಲ. ದಿನಾ ಮೂವತ್ತು ಪುಟ, ದಿನಾ ಸಹಿ. ನಾನು ಹಿಗ್ಗಿಹೋದೆ. ಎರಡನೆಯ ವಾರ ಒಂದು ಪುಸ್ತಕ ಕೈಗೆತ್ತಿಕೊಂಡು, "ಇದರಲ್ಲಿ ನಿನಗೆ ಯಾರು ಇಷ್ಟವಾದರು?" ಎಂದು ಕೇಳಿದೆ. ಸುಮ್ಮನೆ ನಿಂತ. ಇನ್ನೊಂದನ್ನು ಎತ್ತಿದೆ. ಅದಕ್ಕೂ ಮೌನ. ಲೆಕ್ಕವೆಲ್ಲ ಟ್ಯಾಲಿ ಆಗಿತ್ತು, ಓದು ಮಾತ್ರ ಆಗಿರಲಿಲ್ಲ. ನಾನು ದನಿ ಏರಿಸಿ ಬೈದೆ. ಅವನು ಅಳಲಿಲ್ಲ. ನನ್ನನ್ನೇ ನೋಡಿ ಕೇಳಿದ: "ಅಜ್ಜ, ಈ ಹತ್ತರಲ್ಲಿ ನೀನು ಎಷ್ಟು ಓದಿದ್ದೀ?"

ನಾನು ಓದಿದ್ದು ಎರಡು. ಉಳಿದ ಎಂಟಕ್ಕೂ ಬಿಳಿ ಶರ್ಟು ನೋಡಿ ಸಹಿ ಹಾಕಿದ್ದೆ. ಆ ಸಲ ಅವನು ರಜೆ ಮುಗಿಯುವ ಮೊದಲೇ ಬೆಂಗಳೂರಿಗೆ ಹೊರಟ. ನೋಟ್‌ಬುಕ್ಕನ್ನು ಮಂಚದ ಮೇಲೆಯೇ ಬಿಟ್ಟುಹೋದ.

ಮರುವರ್ಷ ಬೇಸಿಗೆಗೆ ಸರಿಯಾಗಿ ನನ್ನ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಹೊಸ ಕನ್ನಡಕ ಬರುವವರೆಗೆ ಓದಬಾರದು ಎಂದರು ಡಾಕ್ಟರು. ಓದಿಲ್ಲದೆ ಮಧ್ಯಾಹ್ನ ಕಳೆಯುವುದು ಎಷ್ಟು ಕಷ್ಟ ಎಂದು ನನ್ನ ವಯಸ್ಸಿನವರಿಗೆ ಹೇಳಬೇಕಿಲ್ಲ. ಮೊಮ್ಮಗ ಬಂದಿದ್ದ. ಹಿಂದಿನ ವರ್ಷದ ಮಾತನ್ನು ಇಬ್ಬರೂ ಎತ್ತಿರಲಿಲ್ಲ. ಮೂರನೆಯ ದಿನ ನಾನೇ ಸೋತು, "ಕಪಾಟಿನ ಎಡಗಡೆ ಒಂದು ಪುಸ್ತಕವಿದೆ. ನನಗೆ ಒಂದೆರಡು ಪುಟ ಓದಿ ಹೇಳುತ್ತೀಯಾ?" ಎಂದೆ.

"ನೀನು ಓದಿದ್ದೀಯಾ ಅದನ್ನ?"

"ಎರಡು ಸಲ."

"ಮತ್ತೆ ಯಾಕೆ?"

"ಮೂರನೆಯ ಸಲ ಓದಲು ಕಣ್ಣಿಲ್ಲವಲ್ಲೋ."

ಆ ಪುಸ್ತಕ 'ತೊತ್ತೋಚಾನ್'. ಜಪಾನಿನ ತೆತ್ಸುಕೊ ಕುರೊಯಾನಾಗಿ ಎಂಬಾಕೆ ತಮ್ಮ ಬಾಲ್ಯದ ಬಗ್ಗೆ ಬರೆದದ್ದು. ಜಪಾನಿನಲ್ಲಿ 1981ರಲ್ಲಿ ಬಂತು. ನ್ಯಾಷನಲ್ ಬುಕ್ ಟ್ರಸ್ಟ್ ಇದನ್ನು ಕನ್ನಡದಲ್ಲೂ ತಂದಿದೆ. ತರಗತಿಯಲ್ಲಿ ಸುಮ್ಮನೆ ಕೂರುವುದಿಲ್ಲ ಎಂದು ಒಂದನೆಯ ಕ್ಲಾಸಿನಲ್ಲೇ ಶಾಲೆಯಿಂದ ಹೊರಹಾಕಿಸಿಕೊಂಡ ಪುಟ್ಟ ಹುಡುಗಿ ತೊಮೊಯೆ ಎಂಬ ಹೊಸ ಶಾಲೆಗೆ ಹೋಗುತ್ತಾಳೆ. ಅಲ್ಲಿ ತರಗತಿಗಳೆಂದರೆ ಹಳೆಯ ರೈಲು ಬೋಗಿಗಳು! ಮುಖ್ಯೋಪಾಧ್ಯಾಯ ಕೊಬಾಯಾಶಿಯವರು ಅವಳನ್ನು ಎದುರಿಗೆ ಕೂರಿಸಿಕೊಂಡು, ನಿನಗೆ ಏನು ಹೇಳಬೇಕೋ ಹೇಳು ಎನ್ನುತ್ತಾರೆ. ಹುಡುಗಿ ನಾಲ್ಕು ಗಂಟೆ ಮಾತಾಡುತ್ತಾಳೆ. ಅವರು ಒಮ್ಮೆಯೂ ಆಕಳಿಸದೆ ಕೇಳುತ್ತಾರೆ.

'ಮುಖ್ಯೋಪಾಧ್ಯಾಯ' ಎಂಬ ಪದಕ್ಕೆ ನನ್ನ ಮೊಮ್ಮಗ ಮೂರು ಕಡೆ ಎಡವಿದ. ಪ್ರತಿ ಸಲವೂ ತಿದ್ದಲು ನಾಲಿಗೆ ತುದಿಗೆ ಬರುತ್ತಿತ್ತು. ಆದರೆ ಎದುರಿಗೆ ಕೊಬಾಯಾಶಿಯವರು ಕೂತಿದ್ದಾರಲ್ಲ! ನುಂಗಿಕೊಂಡೆ. ನಾಲ್ಕನೆಯ ಸಲ ಅವನೇ ಸರಿಯಾಗಿ ಓದಿದ.

ತೊಮೊಯೆಯಲ್ಲಿ ಮಕ್ಕಳ ಊಟದ ಡಬ್ಬಿಯಲ್ಲಿ ಸಮುದ್ರದಿಂದ ಬಂದದ್ದೊಂದು, ನೆಲದಿಂದ ಬಂದದ್ದೊಂದು ಇರಬೇಕೆಂದು ನಿಯಮ. ರಾತ್ರಿ ತಟ್ಟೆಯ ಮುಂದೆ ಕೂತ ಹುಡುಗ, "ಅಜ್ಜಿ, ನಮ್ಮ ಊಟದಲ್ಲಿ ಸಮುದ್ರದ್ದು ಏನಿದೆ?" ಎಂದ. ಅಜ್ಜಿ ತಲೆ ಎತ್ತದೆ "ಉಪ್ಪು" ಎಂದಳು.

ಪುಸ್ತಕದಲ್ಲಿ ಯಾಸುವಾಕಿ ಎಂಬ ಹುಡುಗನಿದ್ದಾನೆ. ಪೋಲಿಯೊ ಆದವನು. ಮರ ಹತ್ತಿ ಗೊತ್ತೇ ಇಲ್ಲದವನನ್ನು ತೊತ್ತೋಚಾನ್ ಏಣಿ ಎಳೆದು ತಂದು, ಬೆವರಿಳಿಸಿ ತನ್ನ ಮರಕ್ಕೆ ಹತ್ತಿಸುತ್ತಾಳೆ. ಆ ಪುಟಗಳನ್ನು ಮೊಮ್ಮಗ ಜೋರಾಗಿ ಓದಿದ. ಕೆಲವು ದಿನ ಕಳೆದು ಮುಂದಿನದೊಂದು ಅಧ್ಯಾಯ ಬಂತು. ಯಾಸುವಾಕಿ ತೀರಿಕೊಂಡಿದ್ದಾನೆ. ನಡುವೆ ದನಿ ನಿಂತುಹೋಯಿತು. ನನಗೆ ಮುಖ ಕಾಣಿಸದು. ಫ್ಯಾನಿನ ಸದ್ದು ಮಾತ್ರ.

"ಅಜ್ಜ, ಇದು ನಿಜವಾಗಿ ಆದದ್ದಾ?"

"ನಿಜವಾಗಿ ಆದದ್ದು."

ಅವನು ಕುರ್ಚಿಯಿಂದ ಎದ್ದು ನನ್ನ ಮಂಚಕ್ಕೆ ಬಂದು ಪಕ್ಕದಲ್ಲಿ ಕೂತ. ಇವತ್ತಿಗೆ ಸಾಕು ಎಂದೆ. ಬೇಡ ಎಂದು ಮುಂದಕ್ಕೆ ಓದಿದ.

ಅಜ್ಜ ಅಜ್ಜಿಯರೇ, ಇನ್ನೊಂದು ಸಂಗತಿ. ಈ ಪುಸ್ತಕದ ಮುಂದಿನ ಭಾಗವನ್ನು ಆಕೆ ಜಪಾನಿ ಭಾಷೆಯಲ್ಲಿ ಪ್ರಕಟಿಸಿದ್ದು 2023ರಲ್ಲಿ, ತೊಂಬತ್ತನೆಯ ವಯಸ್ಸಿನಲ್ಲಿ. ನಮಗಿನ್ನೂ ಕಾಲವಿದೆ!

ಅಂದಿನಿಂದ ಈ ಅಂಕಣಕ್ಕೂ ಒಂದು ನಿಯಮ ಮಾಡಿಕೊಂಡಿದ್ದೇನೆ. ಕೊನೆಯ ಪುಟದವರೆಗೆ ಓದದ ಪುಸ್ತಕಕ್ಕೆ ಸಹಿಯಿಲ್ಲ. ಯಾರ ಕೈಗೆ ಎಂಬುದನ್ನೂ ಹೇಳದೆ ಬಿಡುವುದಿಲ್ಲ. ಈ ಸಲದ ಪರಿಚಯಗಳು ಇವು.

ಐದನೆಯ ತರಗತಿಯಿಂದ ಮೇಲಿನವರಿಗೆ ಬೊಳುವಾರು ಮಹಮದ್ ಕುಂಞಿಯವರ 'ಪಾಪು ಗಾಂಧಿ, ಗಾಂಧಿ ಬಾಪು ಆದ ಕತೆ'. ಬೊಳುವಾರರೂ ನನ್ನ ಹಾಗೆ ಬ್ಯಾಂಕಿನಲ್ಲಿ ದುಡಿದವರು ಎಂಬ ಪಕ್ಷಪಾತ ನನಗೆ ಸ್ವಲ್ಪ ಇದೆ, ಮುಚ್ಚಿಡುವುದಿಲ್ಲ. ಆದರೆ 2010ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದದ್ದು ಪಕ್ಷಪಾತದಿಂದಲ್ಲ. ನೋಟಿನ ಮೇಲೆ ನಗುವ ಗಾಂಧಿಯನ್ನು ನಾನು ಲಕ್ಷಾಂತರ ಸಲ ಎಣಿಸಿದ್ದೇನೆ. ತಪ್ಪು ಮಾಡಿ, ಹೆದರಿ, ತಂದೆಗೆ ಒಪ್ಪಿಕೊಂಡ ಹುಡುಗನೊಬ್ಬ ಆ ಮುದುಕನಾದದ್ದು ಹೇಗೆಂದು ಮಕ್ಕಳಿಗೆ ತಿಳಿಯಬೇಕು.

ಅಜ್ಜ ಮೊಮ್ಮಕ್ಕಳು ಕೂಡಿ ಓದಲು ನಾ. ಡಿಸೋಜ. ನಮ್ಮ ಸಾಗರದವರು. 2025ರ ಜನವರಿಯಲ್ಲಿ ತೀರಿಕೊಂಡರು. ಮಕ್ಕಳಿಗೆ 'ಮುಳುಗಡೆಯ ಊರಿಗೆ ಬಂದವರು', ಹಿರಿಯರಿಗೆ 'ದ್ವೀಪ'. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಶರಾವತಿಯ ನೀರು ಹಿಂದಕ್ಕೆ ನಿಂತಾಗ ಮನೆ, ತೋಟ, ದೇವಸ್ಥಾನ ಎಲ್ಲ ಕಳೆದುಕೊಂಡವರ ಪಾಡನ್ನು ಕತೆಯಾಗಿಸಿದವರು ಅವರು. 'ದ್ವೀಪ'ದಲ್ಲಿ ಏರುವ ನೀರಿನ ನಡುವೆ ಗುಡ್ಡದ ಮೇಲೆ ಉಳಿದ ಒಂದು ಸಂಸಾರವಿದೆ. ಗಿರೀಶ್ ಕಾಸರವಳ್ಳಿಯವರು ಸಿನಿಮಾ ಮಾಡಿದ್ದು ಇದನ್ನೇ. ನಾನು ಇಲ್ಲಿಯ ಶಾಖೆಯಲ್ಲಿದ್ದಾಗ ಒಬ್ಬ ಅಜ್ಜ ಖಾತೆ ತೆರೆಯಲು ಬಂದಿದ್ದರು. 'ಖಾಯಂ ವಿಳಾಸ' ಎಂಬ ಕಡೆ ಒಂದು ಊರಿನ ಹೆಸರು ಹೇಳಿದರು. ನಾನು ಕೇಳಿರದ ಊರು. "ಎಲ್ಲಿ ಬರುತ್ತದೆ ಇದು?" ಎಂದೆ. "ನೀರಿನೊಳಗೆ" ಎಂದರು. ನಾನು ಬರೆದುಕೊಂಡೆ. ಡಿಸೋಜರನ್ನು ಓದುವಾಗಲೆಲ್ಲ ಆ ಅರ್ಜಿ ಕಣ್ಣಿಗೆ ಬರುತ್ತದೆ.

ಹೈಸ್ಕೂಲು ಮುಗಿಸಿದವರಿಗೆ, ಗಟ್ಟಿ ಮನಸ್ಸಿನ ಹಿರಿಯರಿಗೆ ವಸುಧೇಂದ್ರ ಅವರ 'ತೇಜೋ ತುಂಗಭದ್ರಾ' (2019). ಲಿಸ್ಬನ್ ನಗರದ ತೇಜೋ ನದಿ, ವಿಜಯನಗರದ ತುಂಗಭದ್ರೆ. ಐನೂರು ವರ್ಷಗಳ ಹಿಂದೆ ಈ ಎರಡು ದಡಗಳಲ್ಲಿ ಬದುಕಿದ ಸಾಮಾನ್ಯರ ಕತೆ. ಮೆಣಸಿನ ವ್ಯಾಪಾರಕ್ಕೆ ಹಡಗು ಹತ್ತಿದವರಿಂದ ಯಾರ ಯಾರ ಬಾಳು ಏನೇನಾಯಿತು ಎಂಬುದನ್ನು ಪಠ್ಯಪುಸ್ತಕದ ಒಂದು ಸಾಲು ಹೇಳುವುದಿಲ್ಲ. ಇದು ಹೇಳುತ್ತದೆ. ಎಚ್ಚರಿಕೆ: ಕ್ರೌರ್ಯದ ಪುಟಗಳಿವೆ. ಚಿಕ್ಕವರು ಕಾಯಲಿ, ನದಿಗಳು ಎಲ್ಲೂ ಹೋಗುವುದಿಲ್ಲ.

ದೊಡ್ಡವರಿಗೆ ಮಾತ್ರ, ಒಂದೇ ಮಧ್ಯಾಹ್ನದಲ್ಲಿ ಮುಗಿಯುವಂಥದು, ವಿವೇಕ ಶಾನಭಾಗರ 'ಘಾಚರ್ ಘೋಚರ್'. ಯಾವ ನಿಘಂಟಿನಲ್ಲೂ ಇಲ್ಲದ ಪದ. ಬಿಡಿಸಲಾಗದಂತೆ ಸಿಕ್ಕುಬಿದ್ದ ದಾರಕ್ಕೆ ಮಕ್ಕಳು ಇಟ್ಟ ಹೆಸರು. ಸೇಲ್ಸ್‌ಮನ್ ಅಪ್ಪನ ಲೆಕ್ಕ ಹೊಂದದ ಒಂದು ರಾತ್ರಿ ಮನೆಮಂದಿಯೆಲ್ಲ ಕೂತು ಹುಡುಕುವ ಭಾಗವನ್ನು ಓದಿ ನಾನು ಎದ್ದು ನೀರು ಕುಡಿದು ಬಂದೆ. ವರ್ಷಾಂತ್ಯದ ಬ್ಯಾಲೆನ್ಸಿಂಗ್ ಮಾಡಿದವರಿಗೆ ಆ ಸಂಕಟ ಗೊತ್ತು. ಬಡತನದಲ್ಲಿ ಒಟ್ಟಿಗಿದ್ದ ಆ ಮನೆಗೆ ಹಣ ಬಂದ ಮೇಲೆ ಆಗುವುದನ್ನು ಓದಿದರೆ, ಸಣ್ಣ ಪುಸ್ತಕ ಎಷ್ಟು ದೊಡ್ಡದಿರಬಹುದೆಂದು ತಿಳಿಯುತ್ತದೆ.

ಕೊನೆಯದು ಬಾನು ಮುಷ್ತಾಕರ ಕತೆಗಳು. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ಹನ್ನೆರಡು ಕತೆಗಳ 'ಹಾರ್ಟ್ ಲ್ಯಾಂಪ್'ಗೆ 2025ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ಕನ್ನಡಕ್ಕೆ ಅದು ಮೊದಲನೆಯದು. ಬಹುಮಾನ ಬಂದಿದೆಯೆಂದು ಓದಬೇಡಿ. ತವರಿಗೆ ಮರಳಿದ ಮಗಳಿಗೆ ಬಾಗಿಲು ತೆರೆಯಲು ಹಿಂಜರಿಯುವ ಮನೆಯನ್ನು ನೀವು ಎಲ್ಲಾದರೂ ಕಂಡಿದ್ದರೆ 'ಎದೆಯ ಹಣತೆ' ಕತೆಯನ್ನು ಓದಿ. ನನ್ನ ಹೆಂಡತಿ ಅದನ್ನು ಓದಿ ಮುಗಿಸಿ, ಏನೂ ಹೇಳದೆ ಹೋಗಿ ತನ್ನ ತಂಗಿಗೆ ಫೋನು ಮಾಡಿದಳು.

ಒಂದು ಕೋರಿಕೆ. ನೀವು ಯಾರಿಗಾದರೂ ಪುಸ್ತಕ ಕೊಡುವಾಗ ಮೊದಲ ಹಾಳೆಯಲ್ಲಿ 'ಪ್ರೀತಿಯಿಂದ' ಎಂದಷ್ಟೇ ಬರೆದು ಬಿಡಬೇಡಿ. 'ಈ ಪುಸ್ತಕವನ್ನು ನಾನು ಇಷ್ಟು ಕಾಲದಿಂದ ಬಲ್ಲೆ' ಎಂದು ಬರೆದು ಸಹಿ ಹಾಕಿ. ಸುಳ್ಳು ಬರೆಯಲು ಕೈ ಬರುವುದಿಲ್ಲ. ಹಾಗಾಗಿ ಮೊದಲು ನೀವೇ ಓದಬೇಕಾಗುತ್ತದೆ.

ಹೋದ ತಿಂಗಳು ನನ್ನ ಹುಟ್ಟಿದ ದಿನಕ್ಕೆ ಬೆಂಗಳೂರಿನಿಂದ ಒಂದು ಪಾರ್ಸೆಲ್ ಬಂತು. ತೇಜಸ್ವಿಯವರ 'ಕರ್ವಾಲೊ'. ಒಳಗೆ ದುಂಡು ಅಕ್ಷರದಲ್ಲಿ ಬರೆದಿತ್ತು: 'ಈ ಪುಸ್ತಕವನ್ನು ನಾನು ಹನ್ನೊಂದು ದಿನಗಳಿಂದ ಬಲ್ಲೆ.' ಕೆಳಗೆ ಸಹಿ. ಒತ್ತಕ್ಷರವೆಲ್ಲ ಸರಿಯಾಗಿತ್ತು.

ನಾನು ಆ ಪುಸ್ತಕವನ್ನು ನಲವತ್ತು ವರ್ಷಗಳಿಂದ ಬಲ್ಲೆ. ಅವನಿಗೆ ಹೇಳಿಲ್ಲ. ಈ ಪತ್ರಿಕೆ ಅವನ ಮನೆಗೂ ಹೋಗುತ್ತದೆ, ಇನ್ನು ಗೊತ್ತಾಗುತ್ತದೆ. ಆದರೂ ಹೊಸ ಕನ್ನಡಕ ಹಾಕಿಕೊಂಡು ಮತ್ತೆ ಮೊದಲ ಪುಟದಿಂದ ಶುರು ಮಾಡಿದ್ದೇನೆ. ಪರಿಚಯ ಮಾಡಿಸಿದವರಿಗೆ ಅಷ್ಟು ಮರ್ಯಾದೆ ಕೊಡಬೇಕು.